ಸ್ತನ ಕ್ಯಾನ್ಸರ್ ಗುಣವಾದ ಮೇಲೆ ಮಜ್ಜೆಯಲ್ಲಿ ಹುಟ್ಟಿದ ಕಾಯಿಲೆ: ರಾಬಿನ್ ರಾಬರ್ಟ್ಸ್ ಪ್ರಕರಣದ ಅಧ್ಯಯನ

ಅಮೆರಿಕದ ಎಬಿಸಿ ವಾಹಿನಿಯ ‘ಗುಡ್ ಮಾರ್ನಿಂಗ್ ಅಮೆರಿಕ’ ಎಂಬ ಬೆಳಗಿನ ಕಾರ್ಯಕ್ರಮದ ನಿರೂಪಕಿ ರಾಬಿನ್ ರಾಬರ್ಟ್ಸ್ ಅವರು, ತಮಗೆ ಮೈಲೋಡಿಸ್‌ಪ್ಲಾಸ್ಟಿಕ್ ಸಿಂಡ್ರೋಮ್, ಅಂದರೆ ವೈದ್ಯರು ಚುಟುಕಾಗಿ ಎಂಡಿಎಸ್ ಎನ್ನುವ ಅಸ್ಥಿಮಜ್ಜೆಯ ಕಾಯಿಲೆ ಇದೆಯೆಂದು 2012ರ ಜೂನ್ 11ರಂದು ಪ್ರಕಟಿಸಿದರು. ಅದಕ್ಕೆ ಸುಮಾರು ಐದು ವರ್ಷ ಹಿಂದೆ, 2007ರ ಜುಲೈ 31ರಂದು, ಇದೇ ಕಾರ್ಯಕ್ರಮದಲ್ಲಿ ಅವರು ತಮ್ಮ ಸ್ತನ ಕ್ಯಾನ್ಸರಿನ ವಿಷಯ ತಿಳಿಸಿದ್ದರು. ಆ ನಡುವೆ ಶಸ್ತ್ರಚಿಕಿತ್ಸೆ, ಕೀಮೋ, ವಿಕಿರಣ ಎಲ್ಲವೂ ಮುಗಿದು, ಅವರು ಕೆಲಸಕ್ಕೆ ಮರಳಿ, ಗುಣವಾದವರ ಸಾಲಿಗೆ ಸೇರಿದ್ದರು. ಎರಡನೆಯ ಸಲ ಬಂದದ್ದು ಹಳೆಯ ಕ್ಯಾನ್ಸರಿನ ಮರುಕಳಿಕೆಯಲ್ಲ, ಅದು ಬೇರೆಡೆಗೆ ಹರಡಿದ್ದೂ ಅಲ್ಲ. ಬೇರೆ ಅಂಗದಲ್ಲಿ, ಬೇರೆ ಬಗೆಯ ಕೋಶಗಳಲ್ಲಿ ಹೊಸದಾಗಿ ಹುಟ್ಟಿಕೊಂಡ ಕಾಯಿಲೆ. ಕ್ಯಾನ್ಸರಿಗೆ ಕೊಟ್ಟ ಚಿಕಿತ್ಸೆಯೇ ಕೆಲವೊಮ್ಮೆ ಇಂಥ ಇನ್ನೊಂದು ಗಂಭೀರ ಸಮಸ್ಯೆಗೆ ಕಾರಣವಾಗುತ್ತದೆ ಎಂಬುದನ್ನು ಆ ದಿನ ಅವರೇ ವೀಕ್ಷಕರಿಗೆ ವಿವರಿಸಿದರು.

ಸ್ತನ ಕ್ಯಾನ್ಸರಿನಿಂದ ಪಾರಾದ ಮಹಿಳೆಯರಲ್ಲಿ ಎರಡನೆಯ ಕ್ಯಾನ್ಸರ್ ಎಂದರೆ ಹೆಚ್ಚಿನ ಸಲ ಅದು ಇನ್ನೊಂದು ಸ್ತನದಲ್ಲಿ ಹುಟ್ಟುವ ಹೊಸ ಗೆಡ್ಡೆಯಾಗಿರುತ್ತದೆ. ರಾಬರ್ಟ್ಸ್ ಅವರಿಗೆ ಬಂದದ್ದು ಅದಕ್ಕಿಂತ ಬಹಳ ಅಪರೂಪದ್ದು. ಹಾಗಿದ್ದೂ ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ಅವರು ತಮ್ಮ ಕಾಯಿಲೆಯ ದಿನಾಂಕ, ಹಂತ, ಚಿಕಿತ್ಸೆಗಳನ್ನು ಮುಚ್ಚಿಡದೆ ಸಾರ್ವಜನಿಕರ ಮುಂದಿಟ್ಟರು. ಸರಿಯಾದ ಚಿಕಿತ್ಸೆಯೂ ಒಂದು ಅಪಾಯವನ್ನು ಬಿಟ್ಟುಹೋಗಬಲ್ಲದು, ಆದರೂ ಆ ಚಿಕಿತ್ಸೆ ಸರಿಯಾದದ್ದೇ ಆಗಿರುತ್ತದೆ ಎಂಬ ಕಷ್ಟದ ಮಾತನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣಗಳು ಹೆಚ್ಚಿಲ್ಲ.

ಮೊದಲ ಕಾಯಿಲೆ

2007ರ ಜೂನ್ ಕೊನೆಯಲ್ಲಿ ರಾಬರ್ಟ್ಸ್ ಅವರ ಸಹೋದ್ಯೋಗಿ, ಚಲನಚಿತ್ರ ವಿಮರ್ಶಕ ಜೋಯೆಲ್ ಸೀಗೆಲ್ ಅವರು ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಕಾಯಿಲೆಯನ್ನು ಬೇಗ ಪತ್ತೆಮಾಡಿಕೊಳ್ಳಬೇಕೆಂದು ಅವರು ಜನರಿಗೆ ಹೇಳುತ್ತ ಬಂದಿದ್ದ ಮಾತನ್ನು ನೆನೆಯುವ ವರದಿಯನ್ನು ಸಿದ್ಧಪಡಿಸಿದ ದಿನಗಳಲ್ಲೇ ರಾಬರ್ಟ್ಸ್ ಅವರು ತಮ್ಮನ್ನು ತಾವೇ ಪರೀಕ್ಷಿಸಿಕೊಂಡಾಗ ಸ್ತನದಲ್ಲಿ ಗಂಟು ಸಿಕ್ಕಿತು. ಆಗ ಅವರಿಗೆ 46 ವರ್ಷ. ಆಗಸ್ಟ್ 3ರಂದು ಶಸ್ತ್ರಚಿಕಿತ್ಸೆ ಆಯಿತು. ಅನಂತರ ಎಂಟು ಸಲ ಕೀಮೋ, ಅದರ ಹಿಂದೆಯೇ ಆರೂವರೆ ವಾರ ವಿಕಿರಣ. 2008ರ ವಸಂತದ ವೇಳೆಗೆ ಎಲ್ಲವೂ ಮುಗಿಯಿತು.

ಅವರದು ಟ್ರಿಪಲ್ ನೆಗೆಟಿವ್ ಬಗೆಯ ಸ್ತನ ಕ್ಯಾನ್ಸರ್. ಈಸ್ಟ್ರೋಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳ ಗ್ರಾಹಕಗಳಾಗಲಿ, ಹರ್-2 ಎಂಬ ಪ್ರೋಟೀನಿನ ಹೆಚ್ಚಳವಾಗಲಿ ಕೋಶಗಳಲ್ಲಿ ಇಲ್ಲದಿದ್ದರೆ ಅದನ್ನು ಹೀಗೆ ಕರೆಯುತ್ತಾರೆ. ಇದರ ಅರ್ಥ ನೇರವಾದದ್ದು: ಹಾರ್ಮೋನನ್ನು ತಡೆಯುವ ಟ್ಯಾಮೊಕ್ಸಿಫೆನ್‌ನಂಥ ಮಾತ್ರೆಯೂ, ಹರ್-2ನ್ನು ಗುರಿಯಾಗಿಸುವ ಚುಚ್ಚುಮದ್ದೂ ಇಲ್ಲಿ ಕೆಲಸಕ್ಕೆ ಬಾರವು, ಔಷಧದ ಕಡೆಯಿಂದ ಅಂದು ಕೈಯಲ್ಲಿದ್ದ ದೊಡ್ಡ ಆಯುಧ ಕೀಮೋ ಒಂದೇ. ಎರಡನೆಯ ಕಾಯಿಲೆಯನ್ನು ಅರ್ಥಮಾಡಿಕೊಳ್ಳಲು ಈ ವಿವರವನ್ನು ಮರೆಯಬಾರದು, ಏಕೆಂದರೆ ಗೆಡ್ಡೆಯ ಸ್ವಭಾವವೇ ಚಿಕಿತ್ಸೆಯನ್ನು ನಿರ್ಧರಿಸಿತು, ಚಿಕಿತ್ಸೆಯ ಸ್ವಭಾವ ಮುಂದಿನ ಅಪಾಯವನ್ನು ನಿರ್ಧರಿಸಿತು.

2008ರಲ್ಲಿ ಅವರ ಮುಂದಿದ್ದ ಅಪಾಯಗಳು

ಚಿಕಿತ್ಸೆ ಮುಗಿಸಿದ ಆ ಹೊತ್ತಿನಲ್ಲಿ ಇಂಥ ಮಹಿಳೆಯೊಬ್ಬರನ್ನು ಪರಿಶೀಲಿಸುವ ವೈದ್ಯರ ಕಣ್ಣು ಮೊದಲು ಹೋಗುವುದು ಇನ್ನೊಂದು ಸ್ತನದ ಕಡೆಗೆ. ಒಂದು ಸ್ತನದಲ್ಲಿ ಕ್ಯಾನ್ಸರ್ ಬಂದವರಿಗೆ ಮತ್ತೊಂದರಲ್ಲಿ ಹೊಸದಾಗಿ ಹುಟ್ಟುವ ಸಾಧ್ಯತೆ ವರ್ಷಕ್ಕೆ ಸುಮಾರು ಇನ್ನೂರರಲ್ಲಿ ಒಬ್ಬರಿಗೆ ಎಂಬಷ್ಟು. ಹಾರ್ಮೋನಿಗೆ ಸ್ಪಂದಿಸುವ ಗೆಡ್ಡೆಯಿದ್ದವರು ಟ್ಯಾಮೊಕ್ಸಿಫೆನ್ ಸೇವಿಸಿದರೆ ಈ ಅಪಾಯವೂ ಗಣನೀಯವಾಗಿ ತಗ್ಗುತ್ತದೆ. ಟ್ರಿಪಲ್ ನೆಗೆಟಿವ್ ರೋಗಿಗಳಿಗೆ ಆ ಉಪಕಾರವಿಲ್ಲ. ಚಿಕ್ಕ ವಯಸ್ಸಿನಲ್ಲಿ ಮೊದಲ ಕ್ಯಾನ್ಸರ್ ಬಂದವರಲ್ಲಿ ಅಪಾಯ ಇನ್ನಷ್ಟು ಹೆಚ್ಚು.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ತಂದೆತಾಯಿಯಿಂದ ಬಂದ ವಂಶವಾಹಿಯ ದೋಷ. ಬಿಆರ್‌ಸಿಎ-1 ಎಂಬ ವಂಶವಾಹಿಯಲ್ಲಿ ದೋಷವಿರುವ ಮಹಿಳೆಗೆ ಮೊದಲ ಸ್ತನ ಕ್ಯಾನ್ಸರ್ ಬಂದ ಇಪ್ಪತ್ತು ವರ್ಷಗಳೊಳಗೆ ಎರಡನೆಯ ಸ್ತನದಲ್ಲೂ ಬರುವ ಸಾಧ್ಯತೆ ಸುಮಾರು ಶೇ 40. ಬಿಆರ್‌ಸಿಎ-2ರಲ್ಲಿ ಅದು ಸುಮಾರು ಶೇ 26. ಅಂಡಾಶಯದ ಕ್ಯಾನ್ಸರಿನ ಅಪಾಯ ಇದರ ಜೊತೆಗೆ ಬರುತ್ತದೆ. ಬಿಆರ್‌ಸಿಎ-1 ದೋಷವುಳ್ಳವರ ಗೆಡ್ಡೆಗಳು ಬಹುಪಾಲು ಟ್ರಿಪಲ್ ನೆಗೆಟಿವ್ ಆಗಿರುವುದರಿಂದ, ಐವತ್ತರೊಳಗೆ ಇಂಥ ಗೆಡ್ಡೆ ಕಾಣಿಸಿಕೊಂಡವರಿಗೆ ಕುಟುಂಬದಲ್ಲಿ ಬೇರೆ ಯಾರಿಗೂ ಕ್ಯಾನ್ಸರ್ ಇಲ್ಲದಿದ್ದರೂ ವಂಶವಾಹಿ ಪರೀಕ್ಷೆ ಮಾಡಿಸುವುದು ಇಂದು ಸಾಮಾನ್ಯ ಕ್ರಮ. ಟಿಪಿ-53 ಎಂಬ ಇನ್ನೊಂದು ವಂಶವಾಹಿಯ ದೋಷ, ಅಂದರೆ ಲಿ-ಫ್ರೌಮೆನಿ ಸಿಂಡ್ರೋಮ್, ಬಹಳ ವಿರಳ. ಆದರೆ ಅದು ಇದ್ದವರಲ್ಲಿ ವಿಕಿರಣವೇ ಹೊಸ ಕ್ಯಾನ್ಸರುಗಳನ್ನು ಎಬ್ಬಿಸಬಹುದಾದ್ದರಿಂದ ಸಾಧ್ಯವಾದಲ್ಲೆಲ್ಲ ಅದನ್ನು ತಪ್ಪಿಸುತ್ತಾರೆ.

ವಿಕಿರಣದ ಲೆಕ್ಕ ಹೀಗಿದೆ. ಎದೆಗೆ ಕೊಡುವ ಕಿರಣಗಳ ಒಂದು ಪಾಲು ಶ್ವಾಸಕೋಶಕ್ಕೂ ಅನ್ನನಾಳಕ್ಕೂ ತಲುಪುತ್ತದೆ, ಹತ್ತು ವರ್ಷ ಕಳೆದ ಮೇಲೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಾಧ್ಯತೆಯನ್ನು ತುಸು ಹೆಚ್ಚಿಸುತ್ತದೆ. ಧೂಮಪಾನ ಮಾಡದವರಲ್ಲಿ ಆಧುನಿಕ ವಿಕಿರಣದಿಂದ ಉಂಟಾಗುವ ಶ್ವಾಸಕೋಶ ಕ್ಯಾನ್ಸರ್ ಸಾವಿನ ಹೆಚ್ಚುವರಿ ಅಪಾಯ ಸುಮಾರು ಶೇ 0.3 ಎಂದೂ, ದೀರ್ಘಕಾಲ ಸೇದುತ್ತ ಬಂದವರಲ್ಲಿ ಅದು ಸುಮಾರು ಶೇ 4 ಎಂದೂ 2017ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆಯೊಂದು ಅಂದಾಜು ಮಾಡಿತು. ಒಂದೇ ಯಂತ್ರ, ಒಂದೇ ಪ್ರಮಾಣ. ಸಿಗರೇಟು ಬಿಟ್ಟರೆ ಸಿಗುವ ಲಾಭ ಎಷ್ಟೆಂಬುದನ್ನು ಈ ಎರಡು ಅಂಕಿಗಳಿಗಿಂತ ಚೆನ್ನಾಗಿ ಹೇಳುವುದು ಕಷ್ಟ. ವಿಕಿರಣ ತಾಗಿದ ಚರ್ಮದಲ್ಲಿ ಹಲವು ವರ್ಷಗಳ ನಂತರ ನೇರಳೆ ಬಣ್ಣದ, ಹೊಡೆತ ಬಿದ್ದು ಕಂದಿದಂಥ ಮಚ್ಚೆಯಾಗಿ ಕಾಣಿಸಿಕೊಳ್ಳುವ ಆಂಜಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಸಾವಿರಕ್ಕೆ ಒಬ್ಬರಿಗೆ ಬರುವಷ್ಟು ಅಪರೂಪ; ಆದರೆ ಅಂಥ ಮಚ್ಚೆ ಕಂಡರೆ ಮುಲಾಮು ಹಚ್ಚಿಕೊಂಡು ಕಾಯಬಾರದು.

ರಾಬರ್ಟ್ಸ್ ಅವರ ವಿಷಯದಲ್ಲಿ ಇವು ಯಾವುವೂ ನಿಜವಾಗಲಿಲ್ಲ. ಅಪಾಯ ಬಂದದ್ದು ಯಾರೂ ಮೊದಲು ನೋಡದ ಕಡೆಯಿಂದ, ರಕ್ತವನ್ನು ತಯಾರಿಸುವ ಮಜ್ಜೆಯಿಂದ.

ಮಜ್ಜೆಯಲ್ಲಿ ಆಗುವುದೇನು

ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರಿಗೆ ಆ ಕಾಲದಲ್ಲಿ ಸಾಮಾನ್ಯವಾಗಿ ಕೊಡುತ್ತಿದ್ದ, ಇಂದಿಗೂ ಕೊಡುವ ಕೀಮೋದಲ್ಲಿ ಎರಡು ಔಷಧಗಳು ಈ ದೃಷ್ಟಿಯಿಂದ ಮುಖ್ಯವಾದವು. ಒಂದು, ಆಲ್ಕೈಲೇಟಿಂಗ್ ವರ್ಗಕ್ಕೆ ಸೇರಿದ ಸೈಕ್ಲೋಫಾಸ್ಫಮೈಡ್. ಅದು ಕೋಶದ ಡಿಎನ್‌ಎಗೆ ಅಂಟಿಕೊಂಡು ಅದು ಇಬ್ಭಾಗವಾಗದಂತೆ ಮಾಡುತ್ತದೆ. ಇನ್ನೊಂದು, ಕೆಂಪು ಬಣ್ಣದಿಂದಾಗಿ ರೋಗಿಗಳೆಲ್ಲ ನೆನಪಿಟ್ಟುಕೊಳ್ಳುವ ಡಾಕ್ಸೊರುಬಿಸಿನ್, ಅಥವಾ ಅದರ ಬಂಧುವಾದ ಎಪಿರುಬಿಸಿನ್. ಡಿಎನ್‌ಎಯ ಸಿಕ್ಕು ಬಿಡಿಸುವ ಟೋಪೋಐಸೊಮರೇಸ್-2 ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಎರಡೂ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಡಿಎನ್‌ಎಯನ್ನು ಕೆಡಿಸುವುದರ ಮೂಲಕ, ಮತ್ತು ಬೇಗ ಬೇಗ ವಿಭಜನೆಯಾಗುವ ಮಜ್ಜೆಯ ಕೋಶಗಳನ್ನು ಅವು ಬಿಟ್ಟು ಹೋಗುವುದಿಲ್ಲ.

ಎರಡು ಔಷಧಗಳು ಬಿಟ್ಟುಹೋಗುವ ಗುರುತು ಬೇರೆ ಬೇರೆ. ಆಲ್ಕೈಲೇಟಿಂಗ್ ಔಷಧದಿಂದ ಹುಟ್ಟುವ ರಕ್ತದ ಕಾಯಿಲೆ ಸಾಮಾನ್ಯವಾಗಿ ಐದರಿಂದ ಏಳು ವರ್ಷ ತೆಗೆದುಕೊಂಡು, ಮೊದಲು ಎಂಡಿಎಸ್ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೋಶಗಳಲ್ಲಿ 5 ಮತ್ತು 7ನೆಯ ವರ್ಣತಂತುಗಳ ಭಾಗ ಅಥವಾ ಪೂರ್ತಿ ವರ್ಣತಂತುವೇ ಕಳೆದುಹೋಗಿರುತ್ತದೆ. ಡಾಕ್ಸೊರುಬಿಸಿನ್ ವರ್ಗದಿಂದ ಬರುವುದು ಒಂದರಿಂದ ಮೂರು ವರ್ಷಗಳಲ್ಲೇ, ಎಂಡಿಎಸ್ ಹಂತವನ್ನು ಹಾಯದೆ ನೇರವಾಗಿ ತೀವ್ರ ರಕ್ತ ಕ್ಯಾನ್ಸರಾಗಿ. ಅಲ್ಲಿ 11ನೆಯ ವರ್ಣತಂತುವಿನ ಒಂದು ತುಂಡು ಬೇರೆಡೆಗೆ ಜೋಡಣೆಯಾಗಿರುತ್ತದೆ. ಚಿಕಿತ್ಸೆ ಆರಂಭವಾದ ಐದನೆಯ ವರ್ಷದ ಹತ್ತಿರ ಎಂಡಿಎಸ್ ಆಗಿ ಕಾಣಿಸಿಕೊಂಡ ರಾಬರ್ಟ್ಸ್ ಅವರ ಕಾಯಿಲೆಯ ಕಾಲಕ್ರಮ ಮೊದಲ ಮಾದರಿಗೆ ಹೊಂದುತ್ತದೆ.

ಇದರಲ್ಲಿ ಪ್ರಮಾಣದ ಪಾತ್ರ ದೊಡ್ಡದು. ಅಮೆರಿಕದ ಎನ್‌ಎಸ್‌ಎಬಿಪಿ ಎಂಬ ಸಂಶೋಧನಾ ಗುಂಪಿನ ಆರು ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಸಾಮಾನ್ಯ ಪ್ರಮಾಣದ ಡಾಕ್ಸೊರುಬಿಸಿನ್–ಸೈಕ್ಲೋಫಾಸ್ಫಮೈಡ್ ಪಡೆದವರಲ್ಲಿ ಐದು ವರ್ಷಗಳೊಳಗೆ ಎಂಡಿಎಸ್ ಅಥವಾ ರಕ್ತ ಕ್ಯಾನ್ಸರ್ ಬಂದವರು ಶೇ 0.21, ಸೈಕ್ಲೋಫಾಸ್ಫಮೈಡನ್ನು ಬಹಳ ಹೆಚ್ಚಿಸಿ, ಬಿಳಿ ರಕ್ತಕಣ ಏರಿಸುವ ಚುಚ್ಚುಮದ್ದಿನ ಬೆಂಬಲದೊಂದಿಗೆ ಕೊಟ್ಟವರಲ್ಲಿ ಶೇ 1.01. ಸ್ತನಕ್ಕೆ ವಿಕಿರಣವನ್ನೂ ಪಡೆದವರಲ್ಲಿ ಅಪಾಯ ಎರಡು ಪಟ್ಟಿಗಿಂತ ಹೆಚ್ಚಿತ್ತು. ಅಂದರೆ ಕೀಮೋದ ಜೊತೆಗೆ ವಿಕಿರಣವೂ ಸೇರಿದ, ರಾಬರ್ಟ್ಸ್ ಅವರಿಗೆ ದೊರೆತಂಥ ಚಿಕಿತ್ಸೆಯನ್ನು ಈ ಲೆಕ್ಕದಲ್ಲಿ ಬೇರೆಯಾಗಿಯೇ ನೋಡಬೇಕು. ಅತಿ ಹೆಚ್ಚಿನ ಪ್ರಮಾಣದಿಂದ ಸ್ತನ ಕ್ಯಾನ್ಸರಿನ ಮೇಲೆ ಹೆಚ್ಚಿನ ಲಾಭವೂ ಆಗಲಿಲ್ಲವಾದ್ದರಿಂದ ಆ ದಾರಿಯನ್ನು ವೈದ್ಯರು ಕೈಬಿಟ್ಟರು. ಅಮೆರಿಕದ ಪ್ರಮುಖ ಕ್ಯಾನ್ಸರ್ ಕೇಂದ್ರಗಳ ದಾಖಲೆಗಳನ್ನು ಆಧರಿಸಿದ 2015ರ ಇನ್ನೊಂದು ಅಧ್ಯಯನ ಬೇರೊಂದು ವಿಷಯವನ್ನು ಎತ್ತಿತೋರಿತು: ಐದು ವರ್ಷಕ್ಕೆ ಸುಮಾರು ಶೇ 0.24 ಇದ್ದ ಈ ಕಾಯಿಲೆಗಳ ಪ್ರಮಾಣ ಹತ್ತು ವರ್ಷಕ್ಕೆ ಎರಡರಷ್ಟಾಗುತ್ತದೆ. ಐದು ವರ್ಷ ದಾಟಿದರೆ ಗೆದ್ದಂತೆ ಎಂಬ ನಂಬಿಕೆ ಟ್ರಿಪಲ್ ನೆಗೆಟಿವ್ ಬಗೆಯ ಮೊದಲ ಕ್ಯಾನ್ಸರಿಗೆ ಬಹುಮಟ್ಟಿಗೆ ಸಲ್ಲುತ್ತದೆ. ಮಜ್ಜೆಗೆ ಆ ಗಡುವು ಅನ್ವಯಿಸುವುದಿಲ್ಲ.

ಸಾವಿರಾರು ಮಹಿಳೆಯರು ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಪಡೆದರೂ ಕೆಲವರಿಗೆ ಮಾತ್ರ ಏಕೆ ಹೀಗಾಗುತ್ತದೆ? ಕೀಮೋ ಆರೋಗ್ಯವಂತ ಮಜ್ಜೆಯನ್ನು ಹೊಸದಾಗಿ ಕೆಡಿಸುತ್ತದೆ ಎಂಬುದು ಬಹಳ ಕಾಲದ ತಿಳಿವಳಿಕೆಯಾಗಿತ್ತು. ಕಳೆದ ದಶಕದ ಸಂಶೋಧನೆ ಅದನ್ನು ತಿದ್ದಿದೆ. ವಯಸ್ಸಾದಂತೆ ನಮ್ಮೆಲ್ಲರ ಮಜ್ಜೆಯಲ್ಲೂ ಟಿಪಿ-53, ಪಿಪಿಎಂ-1ಡಿಯಂಥ ವಂಶವಾಹಿಗಳಲ್ಲಿ ಬದಲಾವಣೆ ಹೊಂದಿದ, ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳು ಅಲ್ಲಲ್ಲಿ ಹುಟ್ಟಬಹುದು. ಸಾಮಾನ್ಯ ಸ್ಥಿತಿಯಲ್ಲಿ ಅವು ಬೆಳೆಯದೆ ಮೂಲೆಯಲ್ಲಿ ಉಳಿಯುತ್ತವೆ. ಕೀಮೋ ಬಂದಾಗ ಸಹಜ ಕೋಶಗಳು ಸಾಯುತ್ತವೆ, ಇವು ಸಾಯುವುದಿಲ್ಲ. ಔಷಧಕ್ಕೆ ಬಗ್ಗದ ಕಳೆಯೊಂದು ತೆರವಾದ ಗದ್ದೆಯನ್ನು ವರ್ಷ ಕಳೆಯುವುದರೊಳಗೆ ಆಕ್ರಮಿಸುವಂತೆ ಅವು ಮಜ್ಜೆಯನ್ನು ತುಂಬಿಕೊಳ್ಳುತ್ತವೆ. 2017ರಲ್ಲಿ ಪ್ರಕಟವಾದ ಅಧ್ಯಯನಗಳು, ಚಿಕಿತ್ಸೆಗೆ ಮೊದಲೇ ತೆಗೆದಿಟ್ಟಿದ್ದ ರಕ್ತದ ಮಾದರಿಗಳಲ್ಲೇ ಮುಂದೆ ಕಾಯಿಲೆಯಾಗಲಿದ್ದ ಕೋಶಗಳ ಸುಳಿವನ್ನು ಕಂಡುಹಿಡಿದವು. ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರ ರಕ್ತ ಕ್ಯಾನ್ಸರ್ ಬಂದವರಲ್ಲಿ ಬಿಆರ್‌ಸಿಎಯಂಥ ಹುಟ್ಟಿನಿಂದ ಬಂದ ದೋಷಗಳೂ ನಿರೀಕ್ಷೆಗಿಂತ ಹೆಚ್ಚಾಗಿ ಕಾಣಿಸುತ್ತವೆ. ಡಿಎನ್‌ಎ ದುರಸ್ತಿ ಮಾಡುವ ವ್ಯವಸ್ಥೆಯೇ ದುರ್ಬಲವಾಗಿದ್ದರೆ ಸ್ತನವೂ ಮಜ್ಜೆಯೂ ಒಂದೇ ಕಾರಣಕ್ಕೆ ಕೆಡುವುದು ಸಹಜ. ಹಾಗಾಗಿ ಕೀಮೋವನ್ನಷ್ಟೇ ದೂರುವುದು ಅರ್ಧ ಸತ್ಯ.

ಹೀಗೆ ಹೇಳುವಾಗ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಆಂಥ್ರಾಸೈಕ್ಲಿನ್ (ಡಾಕ್ಸೊರುಬಿಸಿನ್ ಸೇರಿದ ವರ್ಗ), ಟ್ಯಾಕ್ಸೇನ್ ಎಂಬ ಎರಡು ವರ್ಗದ ಔಷಧಗಳನ್ನು ಒಳಗೊಂಡ ಕೀಮೋ ಸ್ತನ ಕ್ಯಾನ್ಸರಿನ ಸಾವನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸುತ್ತದೆ. ಹತ್ತು ವರ್ಷಗಳಲ್ಲಿ ಇನ್ನೂರಕ್ಕೆ ಒಬ್ಬರಂತೆ ಬರಬಹುದಾದ ಎಂಡಿಎಸ್‌ಗೆ ಹೆದರಿ ಕೀಮೋ ಬಿಟ್ಟಿದ್ದರೆ, ರಾಬರ್ಟ್ಸ್ ಅವರಂಥ ರೋಗಿಯೊಬ್ಬರು ಎಂಡಿಎಸ್ ಬರುವಷ್ಟು ದಿನ ಬದುಕಿರುತ್ತಿದ್ದರೇ ಎಂಬುದೇ ಪ್ರಶ್ನೆ. ‘ಕೀಮೋ ಕೊಟ್ಟರೆ ರಕ್ತದ ಕ್ಯಾನ್ಸರ್ ಬರುತ್ತದೆ’ ಎಂದು ವಾಟ್ಸಾಪಿನಲ್ಲಿ ಹರಿದಾಡುವ ಸಂದೇಶಗಳು ಈ ಲೆಕ್ಕದ ಒಂದು ಸಾಲನ್ನು ಮಾತ್ರ ಓದಿದವರು ಬರೆದವು.

ಪತ್ತೆಯಾದ ಬಗೆ

2012ರ ಫೆಬ್ರವರಿಯಲ್ಲಿ ಆಸ್ಕರ್ ಸಮಾರಂಭದ ವರದಿ ಮಾಡಿ ಬಂದ ಮೇಲೆ ರಾಬರ್ಟ್ಸ್ ಅವರಿಗೆ ಎಂದಿಗಿಂತ ಹೆಚ್ಚು ದಣಿವು ಕಾಡತೊಡಗಿತು. ನಸುಕಿನಲ್ಲೇ ಏಳಬೇಕಾದ ಕೆಲಸದವರಿಗೆ ದಣಿವು ಹೊಸತಲ್ಲ, ಅದನ್ನು ಅಲಕ್ಷಿಸಲು ನೂರು ಕಾರಣ ಸಿಗುತ್ತವೆ. ಅವರು ರಕ್ತ ಪರೀಕ್ಷೆ ಮಾಡಿಸಿಕೊಂಡರು, ಫಲಿತಾಂಶ ಸಹಜವಾಗಿರಲಿಲ್ಲ, ಮುಂದೆ ಮಜ್ಜೆಯ ಪರೀಕ್ಷೆಯೂ ಆಯಿತು. ಸೂಜಿ ಹಾಕಿ ಮಜ್ಜೆ ತೆಗೆಯುತ್ತಿದ್ದ ಹೊತ್ತಿನಲ್ಲೇ, ಮರುದಿನ ಅಧ್ಯಕ್ಷ ಬರಾಕ್ ಒಬಾಮ ಅವರ ಸಂದರ್ಶನ ಮಾಡಬೇಕೆಂಬ ಕರೆ ಬಂತೆಂದು ಅವರು ಬರೆದುಕೊಂಡಿದ್ದಾರೆ. ಸಲಿಂಗ ವಿವಾಹಕ್ಕೆ ಒಬಾಮ ಬೆಂಬಲ ಘೋಷಿಸಿದ, ಮೇ 9ರ ಆ ಸಂದರ್ಶನ ಇತಿಹಾಸದ ಭಾಗವಾಯಿತು. ಅದನ್ನು ನೋಡಿದ ಯಾರಿಗೂ ಪ್ರಶ್ನೆ ಕೇಳುತ್ತಿದ್ದವರ ಸೊಂಟದ ನೋವು ಗೊತ್ತಾಗುವಂತಿರಲಿಲ್ಲ.

ಎಂಡಿಎಸ್‌ನಲ್ಲಿ ಮಜ್ಜೆ ಖಾಲಿಯಾಗಿರುವುದಿಲ್ಲ. ಅಲ್ಲಿ ಕೋಶಗಳು ತುಂಬಿದ್ದರೂ ಪಕ್ವವಾಗದೆ ಅಲ್ಲೇ ಸಾಯುತ್ತವೆ. ಪರಿಣಾಮವಾಗಿ ರಕ್ತದಲ್ಲಿ ಕೆಂಪುಕಣ ಕಡಿಮೆಯಾಗಿ ಸುಸ್ತು, ಬಿಳಿಕಣ ಕಡಿಮೆಯಾಗಿ ಪದೇ ಪದೇ ಸೋಂಕು, ಪ್ಲೇಟ್‌ಲೆಟ್ ಕಡಿಮೆಯಾಗಿ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ. ಹೆಚ್ಚಿನ ಸಲ ಮೊದಲ ಸುಳಿವು ಸಿಗುವುದು ಸಿಬಿಸಿ ಎಂದು ಎಲ್ಲರೂ ಕರೆಯುವ ಸಾಮಾನ್ಯ ರಕ್ತಕಣ ಎಣಿಕೆಯಲ್ಲೇ: ಹಿಮೋಗ್ಲೋಬಿನ್ ಇಳಿದಿರುತ್ತದೆ, ಕೆಂಪುಕಣಗಳ ಗಾತ್ರ ಮಾತ್ರ ದೊಡ್ಡದಾಗಿರುತ್ತದೆ. ಕಬ್ಬಿಣದ ಕೊರತೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಕಣಗಳು ಚಿಕ್ಕದಾಗುತ್ತವೆ.

ಈ ಒಂದು ವ್ಯತ್ಯಾಸ ನಮ್ಮ ಕಡೆಯ ಓದುಗರಿಗೆ ಮುಖ್ಯವೆಂದು ನನಗೆ ಅನ್ನಿಸುತ್ತದೆ. ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಸುಸ್ತು ಎಂದು ಬಂದವರಿಗೆ ಕಬ್ಬಿಣದ ಮಾತ್ರೆ ಬರೆದುಕೊಡುವುದು ರೂಢಿ, ಮತ್ತು ಬಹುಪಾಲು ಸಲ ಅದು ಸರಿಯಾದ ಚಿಕಿತ್ಸೆಯೇ. ಆದರೆ ನಾಲ್ಕೈದು ವರ್ಷದ ಹಿಂದೆ ಕಿದ್ವಾಯಿಯಲ್ಲೋ ಬೇರೆಲ್ಲೋ ಸ್ತನ ಕ್ಯಾನ್ಸರಿಗೆ ಕೀಮೋ ಪಡೆದು ಊರಿಗೆ ಮರಳಿದ ಮಹಿಳೆಯೊಬ್ಬರು ಅದೇ ದೂರನ್ನು ಹೊತ್ತು ಬಂದಾಗ, ಹಳೆಯ ಚಿಕಿತ್ಸೆಯ ವಿಷಯ ಕೇಳದೆ ಮಾತ್ರೆ ಬರೆದರೆ ತಿಂಗಳುಗಳು ಕಳೆದುಹೋಗಬಹುದು. ಅವರ ಸಿಬಿಸಿ ವರದಿಯಲ್ಲಿ ಕಣದ ಗಾತ್ರ, ಬಿಳಿಕಣ, ಪ್ಲೇಟ್‌ಲೆಟ್ ಈ ಮೂರನ್ನೂ ನೋಡಬೇಕು. ಮಾತ್ರೆಗೆ ಬಗ್ಗದ ರಕ್ತಹೀನತೆಯನ್ನು ರಕ್ತರೋಗ ತಜ್ಞರ ಬಳಿಗೆ ಕಳಿಸಬೇಕು. ಯಾವ ತೊಂದರೆಯೂ ಇಲ್ಲದವರಿಗೆ ಪ್ರತಿ ತಿಂಗಳು ರಕ್ತ ಪರೀಕ್ಷೆ, ಸ್ಕ್ಯಾನ್ ಮಾಡಿಸುವುದರಿಂದ ಪ್ರಯೋಜನವಿಲ್ಲವೆಂಬುದೇ ಮಾರ್ಗಸೂಚಿಗಳ ನಿಲುವು. ಅವು ಸೂಚಿಸುವುದು ಮೊದಲ ಮೂರು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಮುಂದಿನ ಎರಡು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ವೈದ್ಯರ ಭೇಟಿ, ಮತ್ತು ವರ್ಷಕ್ಕೊಂದು ಮ್ಯಾಮೋಗ್ರಾಮ್. ಅದಕ್ಕಾಗಿಯೇ ದೂರು ಕಾಣಿಸಿದಾಗ ಅದನ್ನು ಗಂಭೀರವಾಗಿ ಪರಿಗಣಿಸುವುದು ಹೆಚ್ಚು ಮುಖ್ಯವಾಗುತ್ತದೆ. ಯಾವ ಔಷಧ, ಎಷ್ಟು ಪ್ರಮಾಣ, ಎದೆಯ ಯಾವ ಭಾಗಕ್ಕೆ ವಿಕಿರಣ ಎಂಬುದೆಲ್ಲ ಇರುವ ಡಿಸ್ಚಾರ್ಜ್ ಸಮರಿ ಆಧಾರ್ ಕಾರ್ಡಿನಷ್ಟೇ ಜೋಪಾನವಾಗಿ ಇರಬೇಕಾದ ಕಾಗದ.

ಕಸಿ

ಚಿಕಿತ್ಸೆಯಿಂದ ಉಂಟಾದ ಎಂಡಿಎಸ್ ತಾನಾಗಿ ಬಂದ ಎಂಡಿಎಸ್‌ಗಿಂತ ಹೆಚ್ಚು ಮೊಂಡಾದದ್ದು, ತೀವ್ರ ರಕ್ತ ಕ್ಯಾನ್ಸರಾಗಿ ಬೇಗ ತಿರುಗುವಂಥದ್ದು. ಔಷಧದಿಂದ ಅದನ್ನು ಕೆಲಕಾಲ ಹಿಡಿದಿಡಬಹುದು. ಬೇರುಸಹಿತ ತೆಗೆಯುವ ದಾರಿ ಇನ್ನೊಬ್ಬರ ಆಕರಕೋಶಗಳ ಕಸಿ ಒಂದೇ. ಅದಕ್ಕೆ ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತುಗಳು ಹೊಂದುವ ದಾನಿ ಬೇಕು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಾಬರ್ಟ್ಸ್ ಅವರಂತೆ ಮೂವರು ಒಡಹುಟ್ಟಿದವರಿದ್ದರೆ ಯಾರಾದರೂ ಒಬ್ಬರು ಹೊಂದುವ ಸಾಧ್ಯತೆ ಸುಮಾರು ಶೇ 58. ನ್ಯೂ ಆರ್ಲಿಯನ್ಸ್‌ನಲ್ಲಿ ಟಿ.ವಿ. ನಿರೂಪಕಿಯಾಗಿದ್ದ ಅಕ್ಕ ಸ್ಯಾಲಿ-ಆ್ಯನ್ ಹೊಂದಿದರು.

ಅಕ್ಕ ಹೊಂದದೆ ಹೋಗಿದ್ದರೆ ದಾರಿ ಕಿರಿದಾಗುತ್ತಿತ್ತು. ಅಮೆರಿಕದ ದಾನಿಗಳ ನೋಂದಣಿಯಲ್ಲಿ ಪೂರ್ತಿ ಹೊಂದುವ ದಾನಿ ಸಿಗುವ ಸಾಧ್ಯತೆ ಯೂರೋಪ್ ಮೂಲದ ಬಿಳಿಯರಿಗೆ ಸುಮಾರು ಶೇ 75 ಇದ್ದರೆ, ರಾಬರ್ಟ್ಸ್ ಅವರಂಥ ಆಫ್ರಿಕನ್-ಅಮೆರಿಕನ್ನರಿಗೆ ಸುಮಾರು ಶೇ 19 ಮಾತ್ರ. ಅಂಗಾಂಶದ ಗುರುತು ವಂಶದ ಜಾಡನ್ನೇ ಹಿಡಿಯುವುದರಿಂದ, ಡಲ್ಲಾಸ್‌ನಲ್ಲೋ ಲಂಡನ್ನಿನಲ್ಲೋ ನೆಲೆಸಿದ ಕನ್ನಡಿಗರಿಗೂ ದಾನಿ ಸಿಗಬೇಕಾದದ್ದು ಬಹುತೇಕ ಭಾರತೀಯ ಮೂಲದವರಲ್ಲೇ. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್‌ನಂಥ ನೋಂದಣಿಗಳಲ್ಲಿ ಹೆಸರು ಬರೆಸುವವರು ಹೆಚ್ಚಿದಷ್ಟೂ ಆ ಹುಡುಕಾಟ ಹಗುರಾಗುತ್ತದೆ. ಅದಕ್ಕೆ ಬೇಕಾದದ್ದು ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ತೆಗೆದ ಒಂದು ಮಾದರಿ.

ಕಸಿಗೆ ಮುನ್ನ, ಆಗಸ್ಟ್ 30ರಂದು, ರಾಬರ್ಟ್ಸ್ ಅವರ ತಾಯಿ ಲೂಸಿಮೇರಿಯನ್ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಗೆ ಸೇರಿ, ಕೆಟ್ಟ ಮಜ್ಜೆಯನ್ನು ನಾಶಮಾಡುವ ಕೀಮೋವನ್ನು ಮತ್ತೊಮ್ಮೆ ಪಡೆದು, 20ರಂದು ಅಕ್ಕನ ಕೋಶಗಳನ್ನು ಅವರು ಮೈಗೆ ತುಂಬಿಸಿಕೊಂಡರು. ಹೊಸ ಮಜ್ಜೆ ರಕ್ತ ತಯಾರಿಸತೊಡಗುವವರೆಗೆ ಸಣ್ಣ ಸೋಂಕೂ ಪ್ರಾಣಾಂತಿಕ. ಅಲ್ಲಿಂದ ಮುಂದೆ ದಾನಿಯ ಪ್ರತಿರೋಧ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಆಕ್ರಮಿಸುವ ಭಯ. ಅದನ್ನೆಲ್ಲ ದಾಟಿ 2013ರ ಫೆಬ್ರವರಿ 20ರಂದು ಅವರು ಕಾರ್ಯಕ್ರಮಕ್ಕೆ ಮರಳಿದರು, ದಶಕಕ್ಕೂ ಮೀರಿ ಅಲ್ಲೇ ಮುಂದುವರಿದರು.

ಈ ಪ್ರಕರಣ ತೋರಿಸದ ಅಪಾಯ, ಮತ್ತು ಮುಂದಿನ ದಾರಿ

ಹಾರ್ಮೋನಿಗೆ ಸ್ಪಂದಿಸುವ ಗೆಡ್ಡೆಯವರ ಕಥೆ ಬೇರೆ. ಟ್ಯಾಮೊಕ್ಸಿಫೆನ್ ಸ್ತನದಲ್ಲಿ ಈಸ್ಟ್ರೋಜೆನ್ನನ್ನು ತಡೆದರೂ ಗರ್ಭಕೋಶದ ಒಳಪದರದಲ್ಲಿ ಅದರಂತೆಯೇ ವರ್ತಿಸುತ್ತದೆ. ಅಲ್ಲಿ ಕ್ಯಾನ್ಸರ್ ಬರುವ ಸಾಧ್ಯತೆಯನ್ನು, ಮುಖ್ಯವಾಗಿ ಮುಟ್ಟು ನಿಂತವರಲ್ಲಿ, ಎರಡರಿಂದ ಮೂರು ಪಟ್ಟು ಮಾಡುತ್ತದೆ. ಐದರ ಬದಲು ಹತ್ತು ವರ್ಷ ಸೇವಿಸಿದರೆ ಈ ಅಪಾಯ ಸುಮಾರು ಶೇ 1.6ರಿಂದ 3.1ಕ್ಕೆ ಏರಿತೆಂದು ಅಟ್ಲಾಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗ ತೋರಿಸಿತು. ಅದೇ ಪ್ರಯೋಗದಲ್ಲಿ ಸ್ತನ ಕ್ಯಾನ್ಸರಿನ ಸಾವು ಕಡಿಮೆಯಾದದ್ದು ಅದಕ್ಕಿಂತ ಹೆಚ್ಚು. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಹೇಳಿಕೊಳ್ಳಲು ಸಂಕೋಚಪಡದಿದ್ದರೆ ಈ ಕ್ಯಾನ್ಸರ್ ಸಾಮಾನ್ಯವಾಗಿ ಆರಂಭದಲ್ಲೇ ಸಿಕ್ಕಿಬೀಳುತ್ತದೆ. ಬೊಜ್ಜು, ಮದ್ಯ, ಧೂಮಪಾನ ಇವು ಇಂಥವರಲ್ಲಿ ಎರಡನೆಯ ಸ್ತನದ ಅಪಾಯವನ್ನು ಹೆಚ್ಚಿಸುತ್ತವೆ.

ಹಾರ್ಮೋನ್ ಬಗೆಯವರಿಗೆ ಇನ್ನೊಂದು ಅನುಕೂಲ ಬಂದಿದೆ. ಗೆಡ್ಡೆಯ ವಂಶವಾಹಿಗಳ ಚಟುವಟಿಕೆಯನ್ನು ಅಳೆದು, ಕಂಕುಳಿನ ಗ್ರಂಥಿಗೆ ಹರಡದ ಅನೇಕರಿಗೆ ಕೀಮೋ ಬೇಕಿಲ್ಲವೆಂದು 2018ರ ಟೈಲರ್-ಎಕ್ಸ್ ಪ್ರಯೋಗ ಸಾಬೀತುಪಡಿಸಿತು. ಕೀಮೋ ಪಡೆಯದವರ ಮಜ್ಜೆಗೆ ಅದರ ಅಪಾಯವೂ ಇಲ್ಲ. ಟ್ರಿಪಲ್ ನೆಗೆಟಿವ್ ಬಗೆಯಲ್ಲಿ ಅಂಥ ವಿನಾಯಿತಿ ಬಹಳ ಚಿಕ್ಕ ಗೆಡ್ಡೆಗಳಿಗಷ್ಟೇ. ಹೆಚ್ಚು ಅಪಾಯದ ಗೆಡ್ಡೆಗಳಿಗೆ 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಪೆಂಬ್ರೊಲಿಜುಮಾಬ್ ಎಂಬ ಪ್ರತಿರೋಧ ಚಿಕಿತ್ಸೆಯನ್ನು ಕೊಡುವುದು ಕೀಮೋದ ಜೊತೆಗೆ, ಅದರ ಬದಲಿಗಲ್ಲ. ಬಿಆರ್‌ಸಿಎ ದೋಷವುಳ್ಳವರಿಗೆ ಕೊಡುವ, ಡಿಎನ್‌ಎ ದುರಸ್ತಿ ಮಾಡುವ ಪಾರ್ಪ್ ಎಂಬ ಕಿಣ್ವವನ್ನು ತಡೆಯುವ ಮಾತ್ರೆಗಳ ಪೊಟ್ಟಣದ ಮೇಲೂ ಎಂಡಿಎಸ್ ಬಗ್ಗೆ ಎಚ್ಚರಿಕೆ ಇದೆ. ಕೀಮೋಗೆ ಮೊದಲೇ ಮಜ್ಜೆಯ ಬದಲಾದ ಕೋಶಗಳನ್ನು ಹುಡುಕುವ ಪರೀಕ್ಷೆ ತಾಂತ್ರಿಕವಾಗಿ ಸಾಧ್ಯವಿದ್ದರೂ, ಅವು ಸಿಕ್ಕವರಲ್ಲಿ ಹೆಚ್ಚಿನವರಿಗೆ ಮುಂದೆ ಏನೂ ಆಗುವುದಿಲ್ಲವಾದ್ದರಿಂದಲೂ, ಸಿಕ್ಕಾಗ ಮಾಡಬೇಕಾದ ಚಿಕಿತ್ಸೆ ಇಲ್ಲವಾದ್ದರಿಂದಲೂ ಅದು ದಿನನಿತ್ಯದ ಕ್ರಮಕ್ಕೆ ಬಂದಿಲ್ಲ. ಆದ್ದರಿಂದ ರಾಬರ್ಟ್ಸ್ ಅವರಿಗೆ 2007ರಲ್ಲಿ ಬಂದಂಥ ಗೆಡ್ಡೆ ಇಂದು ಪತ್ತೆಯಾದ ಮಹಿಳೆಗೂ ಕೀಮೋ ಕೊಡಲೇಬೇಕಾಗುತ್ತದೆ, ಮತ್ತು ಹತ್ತು ವರ್ಷದವರೆಗಾದರೂ ಅವರ ಸುಸ್ತಿಗೆ ಒಂದು ಸಿಬಿಸಿ ಮಾಡಿಸಬೇಕಾಗುತ್ತದೆ.